ಹಳೇ ಕಾರು, ಹೊಸ ರೇಟು

ಹೋದ ಭಾನುವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದೆ. ಮಗ ಬಂದು ಮೊಬೈಲ್ ಮುಂದೆ ಹಿಡಿದ. "ಅಪ್ಪಾ, ಈ ಕಾರಿಗೆ ನಿಮ್ಮ ಬ್ಯಾಂಕಿನ್ಯಾಗ ಎಷ್ಟು ಲೋನ್ ಕೊಡ್ತಾರ?"

ನೋಡಿದರೆ ಪೋರ್ಷೆ 911. ಮೂವತ್ತು ವರ್ಷ ದಾಟಿದ ಗಾಡಿ. "ಲೋನ್ ಹಂಗಿರಲಿ, ಸೊಸೈಟಿಯವರು ಪಾರ್ಕಿಂಗ್ ಸೈತ ಕೊಡೂದಿಲ್ಲ" ಅಂದೆ. ಅವನು ನಕ್ಕ. ಇಂಥ ಕಾರುಗಳು ಅಮೆರಿಕದ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿ ಹೋಗಿವೆಯಂತೆ. ಅವಲಕ್ಕಿ ಗಂಟಲಲ್ಲೇ ನಿಂತಿತು!

ಇದನ್ನು ಸಿದ್ಧ ಮಾಡುವವರ ಹೆಸರು ಸಿಂಗರ್. ನಮ್ಮ ಕಾಲದವರಿಗೆ ಸಿಂಗರ್ ಅಂದರೆ ಹೊಲಿಗೆ ಯಂತ್ರ. ಇದು ಬೇರೆ, 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಶುರು ಮಾಡಿದ ರಾಬ್ ಡಿಕಿನ್ಸನ್ ಮೊದಲು ರಾಕ್ ಬ್ಯಾಂಡೊಂದರಲ್ಲಿ ಹಾಡುತ್ತಿದ್ದವರು. 1989ರಿಂದ 94ರವರೆಗೆ ತಯಾರಾದ 911 ಕಾರನ್ನು ಗಿರಾಕಿ ತರಬೇಕು. ಇವರು ಅದನ್ನು ಪೂರ್ತಿ ಬಿಚ್ಚಿ, ಕಾರ್ಬನ್ ಫೈಬರ್ ಮೈ ತೊಡಿಸಿ, ಎಂಜಿನ್ ಹೊಸದಾಗಿ ಕಟ್ಟಿ, ಸೀಟಿನ ಹೊಲಿಗೆವರೆಗೆ ಎಲ್ಲ ಕೈಯಿಂದಲೇ ಮಾಡಿ ಕೊಡುತ್ತಾರೆ. ನೋಡಲು ಹಳೇ ಕಾರು, ಓಡಿಸಲು ಹೊಸದು. ಪೋರ್ಷೆ ಕಂಪನಿಗೂ ಇವರಿಗೂ ಸಂಬಂಧವಿಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ ಕಾರಣಕ್ಕೆ. ಹಳೇ ಕಾರಿನ ವ್ಯವಹಾರದಲ್ಲಿ ಮೊದಲಿನಿಂದ ಒಂದೇ ಸೂತ್ರ. ಎಂಜಿನ್ ನಂಬರು, ಚಾಸಿ ನಂಬರು ಕಾರ್ಖಾನೆಯ ದಾಖಲೆಗೆ ತಾಳೆಯಾಗಬೇಕು, ಬಣ್ಣವೂ ಮೂಲದ್ದೇ ಇರಬೇಕು. ಕೈಯಾಡಿಸಿದರೆ ಬೆಲೆ ಬಿತ್ತು ಅಂತಲೇ ಲೆಕ್ಕ. ಈಗ ಕೈಯಾಡಿಸಿದ್ದಕ್ಕೇ ಬೆಲೆ! ಆದರೆ ಯಾರ ಕೈ ಅನ್ನುವುದು ಮುಖ್ಯ.

ಬ್ಯಾಂಕಿನವನ ಚಟ ನೋಡಿ, ಲೆಕ್ಕಕ್ಕೆ ಕೂತೆ. ಜೇಮ್ಸ್ ಬಾಂಡ್ ಸಿನಿಮಾಗಳಿಗೆ ಮೆಷಿನ್‌ಗನ್, ಹಾರಿಹೋಗುವ ಸೀಟು ಎಲ್ಲ ಜೋಡಿಸಿದ 1964ರ ಆಸ್ಟನ್ ಮಾರ್ಟಿನ್ ಡಿಬಿ5 ಒಂದಿತ್ತು. 1969ರಲ್ಲಿ ಅಮೆರಿಕದ ರೇಡಿಯೋ ಕೇಂದ್ರದ ಮಾಲೀಕರೊಬ್ಬರು ಅದನ್ನು 12,000 ಡಾಲರಿಗೆ ಕೊಂಡರು. 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ಶುಲ್ಕ ಸೇರಿ ಸುಮಾರು 46 ಲಕ್ಷ ಡಾಲರಿಗೆ ಹೋಯಿತು. ನಲವತ್ತೊಂದು ವರ್ಷಕ್ಕೆ ಶೇ. 15.6ರ ಚಕ್ರಬಡ್ಡಿ. ಯಾವ ಎಫ್‌ಡಿ ಕೊಡುತ್ತದೆ ಹೇಳಿ? ಗ್ಯಾರೇಜು, ವಿಮೆ, ರಿಪೇರಿ ಖರ್ಚು ಕಳೆಯಬೇಕು, ಆ ಮಾತು ಬೇರೆ.

ಹಾಗಂತ ಸದಾ ಏರುತ್ತದೆಂದು ನಂಬಬೇಡಿ. 1988ರಲ್ಲಿ ಎಂಜೋ ಫೆರಾರಿ ತೀರಿಕೊಂಡ ಮೇಲೆ ಫೆರಾರಿ ಕಾರುಗಳ ರೇಟು ಆಕಾಶಕ್ಕೆ ಹೋಗಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಧೊಪ್ಪನೆ ಬಿತ್ತು. ಸಾಲ ಮಾಡಿ ಕೊಂಡವರ ಗತಿ ಊಹಿಸಿಕೊಳ್ಳಿ. ಹರಾಜಿನ ಬೆಲೆ ಅಂದರೆ ಒಂದು ದಿನ ಇಬ್ಬರು ಹಟಕ್ಕೆ ಬಿದ್ದ ಬೆಲೆ. ನಾವು ಸಾಲ ಕೊಡುವವರು ನೋಡುವುದು ಯಾರಿಗೂ ಬೇಡವಾದ ದಿನ ಎಷ್ಟು ಬರುತ್ತದೆ ಅನ್ನುವುದನ್ನು.

ಈಗ ಯಾಕೆ ಏರಿತು? ಗಾಳಿಯಿಂದ ತಣಿಯುವ ಎಂಜಿನ್ನಿನ 911 ತಯಾರಿ 1998ಕ್ಕೇ ನಿಂತಿತು. ಇದ್ದಷ್ಟೇ ಕಾರು. ಹುಡುಗರಾಗಿದ್ದಾಗ ಗೋಡೆಗೆ ಅದರ ಪೋಸ್ಟರ್ ಅಂಟಿಸಿಕೊಂಡವರು ಈಗ ನನ್ನ ವಯಸ್ಸಿನವರು, ಕೈಯಲ್ಲಿ ದುಡ್ಡಿದೆ. ಎಲ್ಲಕ್ಕಿಂತ ದೊಡ್ಡದು ಫೈಲು. ಯಾರು ಮಾಡಿದರು, ಯಾವಾಗ, ಏನೇನು ಹಾಕಿದರು, ಎಲ್ಲಕ್ಕೂ ಕಾಗದ, ಫೋಟೋ ಇರುತ್ತದೆ. ಕೊಳ್ಳುವವನು ಕಾರಿನ ಜೊತೆ ಆ ಫೈಲಿಗೂ ದುಡ್ಡು ಕೊಡುತ್ತಾನೆ.

ನಮ್ಮಲ್ಲಿ ಕಥೆ ಬೇರೆ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಾದರೆ ಐವತ್ತು ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು.

ಇಷ್ಟೆಲ್ಲ ಓದಿದ ಮೇಲೆ ಅಪ್ಪನ ಫಿಯಟ್ ನೆನಪಾಗದೆ ಇರುತ್ತದೆಯೇ? ಅದು ಸ್ಪೋರ್ಟ್ಸ್ ಕಾರಲ್ಲ ಬಿಡಿ, ಸಂಸಾರದ ಕಾರು. 1981ರಲ್ಲಿ 22,000ಕ್ಕೆ ಧಾರವಾಡದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಸ್ಟೇರಿಂಗ್ ಪಕ್ಕದ ಗೇರು ತೆಗೆಸಿ ನೆಲಕ್ಕೆ ಗೇರು ಹಾಕಿಸಿದ್ದರು. ನಮ್ಮ ಓಣಿಯ ಮಿಸ್ತ್ರಿ ಹದಿನೈದು ದಿನ ಕೂತು ಮಾಡಿದ ಕೆಲಸ. ಅಪ್ಪ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದರು.

2002ರಲ್ಲಿ ಮಾರಿಸಿದವನು ನಾನು. ಶೇ. 20ರಂತೆ ಸವಕಳಿ ಕಳೆದರೆ ಪುಸ್ತಕದಲ್ಲಿ ಉಳಿಯುವುದು ಇನ್ನೂರು ರೂಪಾಯಿ, 14,000 ಬಂದರೆ ಲಾಭವೇ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಬಿ.ಕಾಂ. ಓದಿದ ಮಗ! ಗೇರು ಬದಲಿಸಿದ್ದಕ್ಕೆ ಬಂದವನು ಸಾವಿರ ಮುರಿದುಕೊಂಡಾಗಲೂ ಅವನದೇ ಸರಿ ಅಂದೆ. ಅಪ್ಪ ಚಾವಿ ಕೊಟ್ಟು, "ಲೆಕ್ಕಾ ನೀನ ಮಾಡೀಯಲ್ಲಪಾ, ಆತು ತೊಗೊ" ಅಂದರು. ಆಮೇಲೆ ಪೇಟೆಗೆ ನಡೆದೇ ಹೋಗುತ್ತಿದ್ದರು. ನಾನು ಆಟೋಕ್ಕೆಂದು ಕೊಟ್ಟ ದುಡ್ಡು ದೇವರ ಮನೆಯ ಡಬ್ಬಿಯಲ್ಲಿ ಹಾಗೇ ಇರುತ್ತಿತ್ತು.

ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಪ್ರತಿ ರಿಪೇರಿಯ ತಾರೀಖು, ಮೈಲು, ಖರ್ಚು. ಗೇರಿನ ಕೆಲಸಕ್ಕೆ ಪೂರಾ ಒಂದು ಪುಟ, ಕೆಳಗೆ ಮಿಸ್ತ್ರಿಯ ರುಜು. ನನಗೆ ಅದಿರುವುದೇ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಮಗನಿಗೆ ಅದನ್ನು ತೋರಿಸಿದೆ. ಪುಟ ತಿರುವಿ, "ಅಪ್ಪಾ, ಈ ಕಾರು ಈಗ ಎಲ್ಲಿ ಅದ?" ಅಂದ. ಕೊಂಡವನ ಹೆಸರೂ ನಾನು ಬರೆದಿಟ್ಟುಕೊಂಡಿಲ್ಲ.

ಮಾರಿದ್ದರೂ ಇಷ್ಟೊತ್ತಿಗೆ ಲಕ್ಷಗಟ್ಟಲೆ ಬರುತ್ತಿರಲಿಲ್ಲ, ಅದು ನನಗೆ ಗೊತ್ತು. ಅಂದಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಪ್ಪನನ್ನು ಒಂದು ಮಾತು ಕೇಳಿ ಲೆಕ್ಕ ಹಾಕಬೇಕಿತ್ತು, ಅಷ್ಟೇ.