ಎರಡು ಕೆ.ಜಿ. ಕ್ಯಾಮೆರಾ, ಅರ್ಧ ಕೆ.ಜಿ. ಕ್ಯಾಮೆರಾ

ಆಫೀಸಿನಲ್ಲಿ, ಊರಿನಲ್ಲಿ, ಮದುವೆ ಮನೆಗಳಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. "ಇಷ್ಟೆಲ್ಲಾ ಫೋಟೋ ಹುಚ್ಚು ಇಟ್ಕೊಂಡು ಇಷ್ಟು ಸಣ್ಣ ಕ್ಯಾಮೆರಾ ಯಾಕೆ? ಒಂದು ದೊಡ್ಡದು ತಗೋಬಾರ್ದಾ?" ಅಂತ. ಕೇಳುವವರ ತಪ್ಪೇನಿಲ್ಲ. ನಮ್ಮ ಕಡೆ ಕ್ಯಾಮೆರಾ ಅಂದರೆ ಕೊರಳಿಗೆ ಹಾಕಿಕೊಂಡರೆ ಕತ್ತು ಬಗ್ಗಬೇಕು, ಲೆನ್ಸು ಚೊಂಬಿನಷ್ಟು ದಪ್ಪ ಇರಬೇಕು. ಅಂಗೈಯಲ್ಲಿ ಕೂರುವ ಕ್ಯಾಮೆರಾ ಹಿಡಿದವನಿಗೆ ಮದುವೆ ಮನೆಯಲ್ಲಿ ಯಾರೂ ದಾರಿ ಕೂಡ ಬಿಡಲ್ಲ :) ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಸಾಕಾಗಿದೆ. ಒಂದೇ ಸಲ ಬರೆದು ಬಿಡೋಣ ಅಂತ ಕೂತಿದ್ದೀನಿ. ಗ್ರಾಂ, ಮಿಲಿಮೀಟರ್ ಲೆಕ್ಕ ಬೇಜಾರು ಅನ್ನುವವರು ಸೀದಾ ಕೋಟೆ ಹತ್ತುವ ಭಾಗಕ್ಕೆ ಬನ್ನಿ.

ದೊಡ್ಡ ಕ್ಯಾಮೆರಾ ನಮ್ಮನೇಲಿ ಇಲ್ಲ ಅಂತಲ್ಲ. ಮಾವ ಕೊಟ್ಟ ನಿಕಾನ್ ಡಿ7000 ಇದೆ. 2010ರ ಮಾಡೆಲ್, ಇವತ್ತಿಗೂ ಗುಂಡುಕಲ್ಲಿನ ಹಾಗಿದೆ. ಇಂಜಿನಿಯರಿಂಗ್ ಓದುವಾಗ ಅಪರ್ಚರ್, ಐಎಸ್ಓ ಅಂದರೇನು ಅಂತ ನಾನು ಕಲಿತದ್ದೇ ಅದರಲ್ಲಿ. ಬ್ಯಾಟರಿ, ಕಾರ್ಡ್ ಸೇರಿ ಅದರ ತೂಕ 780 ಗ್ರಾಂ. 18-105 ಲೆನ್ಸು 420 ಗ್ರಾಂ. 70-300 ಲೆನ್ಸು 745 ಗ್ರಾಂ. ಒಟ್ಟು 1945 ಗ್ರಾಂ. ಬ್ಯಾಗು, ಚಾರ್ಜರ್ ಬೇರೆ. ಕೆಲಸಕ್ಕೆ ಸೇರಿದ ಮೇಲೆ 2021ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡದ್ದು ಸೋನಿ ಎ6000. ಅದೂ ಹಳೇದೇ, 2014ರದ್ದು. ಬ್ಯಾಟರಿ, ಕಾರ್ಡ್ ಸೇರಿ 344 ಗ್ರಾಂ, 16-50 ಲೆನ್ಸು 116 ಗ್ರಾಂ, ಒಟ್ಟು 460. ದೂರದ ಲೆನ್ಸನ್ನು ಲೆಕ್ಕದಿಂದ ಬಿಟ್ಟರೂ 1200ಕ್ಕೆ 460. ತಮಾಷೆ ಏನಂದ್ರೆ ಎರಡರ ಸೆನ್ಸರೂ ಹೆಚ್ಚುಕಡಿಮೆ ಒಂದೇ ಅಳತೆ, 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಚಿತ್ರ ಮೂಡುವ ಜಾಗ ಅಷ್ಟೇ ಇದೆ. ಹಾಗಾದರೆ ಮಿಕ್ಕ ತೂಕದಲ್ಲಿ ಏನಿದೆ?

ಬಹುಪಾಲು ಕನ್ನಡಿ, ಮತ್ತೆ ಅದರ ಸಂಸಾರ. ಫಿಲ್ಮ್ ಕಾಲದಲ್ಲಿ ಫಿಲ್ಮಿನ ಮೇಲೆ ಏನು ಬೀಳುತ್ತೆ ಅಂತ ಮೊದಲೇ ನೋಡೋದಕ್ಕೆ ಬೇರೆ ಉಪಾಯ ಇರಲಿಲ್ಲ. ಲೆನ್ಸಿನಿಂದ ಬಂದ ಬೆಳಕನ್ನು ಕನ್ನಡಿಯೊಂದು ಅಡ್ಡ ನಿಂತು ಮೇಲಕ್ಕೆ ಕಳಿಸುತ್ತೆ, ಅಲ್ಲಿರೋ ಪ್ರಿಸಮ್ ಅದನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತೆ. ಬಟನ್ ಒತ್ತಿದ ತಕ್ಷಣ ಕನ್ನಡಿ ಎದ್ದು ದಾರಿ ಬಿಡುತ್ತೆ, ಖಟಕ್! ಏಳೋದಕ್ಕೆ ಅದಕ್ಕೆ ಜಾಗ ಬೇಕಲ್ಲ? 1959ರಲ್ಲಿ ನಿಕಾನ್ ಎಫ್ ಮೌಂಟ್ ಬಂದಾಗ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿನವರೆಗೆ 46.5 ಮಿ.ಮೀ. ಇಟ್ಟರು. ಫಿಲ್ಮ್ ಹೋಗಿ ಸೆನ್ಸರ್ ಬಂತು, ದೂರ ಮಾತ್ರ ಅಷ್ಟೇ ಉಳಿಯಿತು. ಹಳೇ ಲೆನ್ಸುಗಳು ಹೊಂದಬೇಕು ನೋಡಿ. ನಮ್ಮ ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅಂದರೆ ಸಾಕು, ನಿಟ್ಟುಸಿರು ಬಿಡ್ತಾರೆ.

ಸೆನ್ಸರ್ ತಾನೇ ನೋಡುತ್ತಿರುವಾಗ ಮಧ್ಯದಲ್ಲಿ ಕನ್ನಡಿ ಯಾಕೆ ಅಂತ ಕೇಳಿಕೊಂಡು 2008ರಲ್ಲಿ ಪ್ಯಾನಸಾನಿಕ್ ಜಿ1 ತಂದಿತು. ಸೋನಿಯ ಇ ಮೌಂಟಿನಲ್ಲಿ ಆ 46.5 ಇಳಿದು 18 ಮಿ.ಮೀ. ಆಯ್ತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಫುಲ್ ಫ್ರೇಮ್ ಮಿರರ್‌ಲೆಸ್ ಕಡೆ ಹೊರಳಿದವು. 2020ರ ಡಿ780, ಡಿ6 ಆದಮೇಲೆ ನಿಕಾನ್ ಹೊಸ ಡಿಎಸ್ಎಲ್ಆರ್ ತಂದಿಲ್ಲ. ಒಂದು ಎಚ್ಚರಿಕೆ: ಮಿರರ್‌ಲೆಸ್ ಅಂದ ಮಾತ್ರಕ್ಕೆ ಹಗುರ ಅಂತ ತಿಳೀಬೇಡಿ. ನಿಕಾನ್ ಝಡ್ ಸರಣಿಯ 24-70 ಎಫ್2.8 ಲೆನ್ಸು ಒಂದೇ 805 ಗ್ರಾಂ ಇದೆ, ಮಾವನ ಕ್ಯಾಮೆರಾಗಿಂತ ಭಾರ! ಕನ್ನಡಿ ತೆಗೆದು ಅದರ ಜಾಗಕ್ಕೆ ಗಾಜು ತುಂಬಿದರೆ ಹೊರುವವನಿಗೆ ಸಿಕ್ಕಿದ್ದೇನು? ನಾನು ಹೇಳ್ತಿರೋದು ಸಣ್ಣ ಬಾಡಿ, ಸಣ್ಣ ಲೆನ್ಸಿನ ಜೋಡಿ ಬಗ್ಗೆ ಮಾತ್ರ.

ಈಗ ಕೋಟೆ. ಚಿತ್ರದುರ್ಗದ ಕೋಟೆಯನ್ನು ಏಪ್ರಿಲ್ ಬಿಸಿಲಲ್ಲಿ ಎರಡು ಕೆ.ಜಿ. ಬ್ಯಾಗ್ ಹೊತ್ತು ಹತ್ತಿದವರಿಗೆ ಮೇಲಿನ ಲೆಕ್ಕ ಏನೂ ಬೇಕಿಲ್ಲ. ಬಾಗಿಲ ಮೇಲೆ ಬಾಗಿಲು ದಾಟಿ ಏಕನಾಥೇಶ್ವರಿ ಗುಡಿ ತಲುಪುವಷ್ಟರಲ್ಲಿ ಬೆನ್ನೆಲ್ಲ ಒದ್ದೆ. 1779ರಲ್ಲಿ ಕೋಟೆ ಗೆದ್ದ ಹೈದರಾಲಿಯ ಸೈನಿಕರು ಏನೇನು ಹೊತ್ತಿದ್ದರೋ ಪಾಪ. ಇನ್ನು ತುಪ್ಪದ ಕೊಳದ ಬಂಡೆ ಇದೆಯಲ್ಲ, ಬಂಡೆಗೆ ಕೊರೆದ ಸಣ್ಣ ಸಣ್ಣ ಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು, ಅಲ್ಲಿ ಎರಡು ಕೈಯೂ ಬಂಡೆಗೇ ಬೇಕು. ಕೊರಳಲ್ಲಿ ದೊಡ್ಡ ಕ್ಯಾಮೆರಾ ತೂಗುತ್ತಿದ್ದರೆ ಒಂದೊಂದು ಹೆಜ್ಜೆಗೂ ಕಲ್ಲಿಗೆ ಬಡಿಯುತ್ತೆ, ಎದೆ ಝಲ್ಲೆನ್ನುತ್ತೆ. ಡಿ7000 ಕಾಲದಲ್ಲಿ ನಾನು ಮೂರು ಸಲ ಕೋಟೆಗೆ ಹೋದರೂ ಮೇಲಿಂದ ತೆಗೆದ ಒಂದು ಫೋಟೋನೂ ಇಲ್ಲ. ಬ್ಯಾಗನ್ನು ಕೆಳಗೆ ಸ್ನೇಹಿತನ ಹತ್ತಿರ ಬಿಟ್ಟು ಹತ್ತುತ್ತಿದ್ದೆ, ಅವನು ಕೋತಿಗಳಿಂದ ಅದನ್ನು ಕಾಯ್ತಾ ಕೂರುತ್ತಿದ್ದ. ಎ6000 ಜರ್ಕಿನ್ ಜೇಬಿಗೆ ಹೋಗುತ್ತೆ. ಮೇಲೆ ಹತ್ತಿ ಉಸಿರು ತಗೊಂಡು ಜೇಬಿಂದ ತೆಗೆದರೆ ಸುತ್ತಲೂ ಬುರುಜು, ಗುಡ್ಡಸಾಲು, ಗಾಳಿಯಂತ್ರಗಳು. ಇದೇ ಬೆಟ್ಟಕ್ಕೆ ಪುಟ್ಟಣ್ಣ ಕಣಗಾಲರು 'ನಾಗರಹಾವು' ತೆಗೆಯಲು ಸಿನಿಮಾ ಕ್ಯಾಮೆರಾಗಳನ್ನೇ ಹೊರಿಸಿದ್ದರು. 1972ರಲ್ಲಿ ತೆರೆಗೆ ಬಂದ ಸಿನಿಮಾ. ಓಬವ್ವನ ಹಾಡು ನೋಡುವಾಗೆಲ್ಲ ನನಗೆ ಆ ಕ್ಯಾಮೆರಾ ಹೊತ್ತವರ ಹೆಗಲೇ ನೆನಪಾಗುತ್ತೆ.

ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳ ಕಥೆ ಬೇರೆ. ಒಳಗೆ ಕತ್ತಲೆ, ಬಗ್ಗಿಕೊಂಡೇ ನಡೀಬೇಕು. ಅಲ್ಲಿ ಕ್ಯಾಮೆರಾ ದೊಡ್ಡದೋ ಸಣ್ಣದೋ ಅನ್ನೋದಕ್ಕಿಂತ ಲೆನ್ಸು ಎಷ್ಟು ಅಗಲ ತೆರೆಯುತ್ತೆ ಅನ್ನೋದೇ ಮುಖ್ಯ. ಕಿಟ್ ಲೆನ್ಸಿನಲ್ಲಿ ಏನೂ ಗಿಟ್ಟಲ್ಲ. ಆಮೇಲೆ ತಗೊಂಡ 35 ಎಂಎಂ ಎಫ್1.8, ಸುಮಾರು 155 ಗ್ರಾಂನದ್ದು, ಈಗ ಹೆಚ್ಚುಕಡಿಮೆ ಅದೇ ನನ್ನ ಕ್ಯಾಮೆರಾದ ಮೇಲೆ ಕೂತಿರುತ್ತೆ.

ತೂಕ ಬೆಟ್ಟದ ಮಾತಾಯ್ತು. ಆದರೆ ಸಣ್ಣ ಕ್ಯಾಮೆರಾವನ್ನು ನಾನು ಬಿಡದೇ ಇರೋದಕ್ಕೆ ನಿಜವಾದ ಕಾರಣ ಬೆಟ್ಟ ಅಲ್ಲ, ನಮ್ಮಜ್ಜಿ.

ಅಮ್ಮನ ತವರು ಬಿ.ದುರ್ಗದ ಪಕ್ಕದ ಹಳ್ಳಿ. ರೈಲಲ್ಲಾದರೆ ಚಿಕ್ಕಜಾಜೂರಿನಲ್ಲಿ ಇಳಿದು ಹೋಗೋದು. ಮಾವನ ಡಿ7000 ಹೊರಗೆ ಬಂತು ಅಂದರೆ ಅಜ್ಜಿ "ಇರು, ಇರು" ಅಂತ ಒಳಗೆ ಹೋಗುತ್ತಿದ್ದಳು. ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು ಬಂದು ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂರೋದು. ಬಾಯಿ ಬಿಗಿ, ಕಣ್ಣು ನೇರ. ಫೋಟೋ ಅಂದರೆ ಅವಳಿಗೆ ಹೊಳಲ್ಕೆರೆಯ ಸ್ಟುಡಿಯೋ. ಅಲ್ಲಿ ಉಸಿರು ಬಿಗಿ ಹಿಡೀಬೇಕು ಅಂತ ಯಾರೋ ಯಾವತ್ತೋ ಹೇಳಿದ್ದು ಅವಳ ಮೈಯಲ್ಲೇ ಉಳಿದಿತ್ತು. ಡಿ7000ನಲ್ಲಿ ಅವಳ ಹನ್ನೊಂದು ಫೋಟೋ ಇವೆ. ಹನ್ನೊಂದರಲ್ಲೂ ಅದೇ ಕುರ್ಚಿ, ಅದೇ ಮುಖ.

ಆ ಕ್ಯಾಮೆರಾದ ಸ್ಕ್ರೀನ್ ಅಲ್ಲಾಡಲ್ಲ, ಸ್ಕ್ರೀನ್ ನೋಡಿ ತೆಗೆಯೋಣ ಅಂದರೆ ಫೋಕಸ್ ತೀರಾ ನಿಧಾನ. ಹಾಗಾಗಿ ಕಣ್ಣಿಗೆ ಒತ್ತಿಕೊಂಡೇ ತೆಗೀಬೇಕು. ಅಂದರೆ ಎದುರಿಗಿರುವವರಿಗೆ ನನ್ನ ಮುಖದ ಬದಲು ಒಂದು ಕರೀ ಡಬ್ಬಿ ಕಾಣುತ್ತೆ. ಮಾತಾಡ್ತಾ ಇದ್ದ ಮೊಮ್ಮಗ ಡಬ್ಬಿಯ ಹಿಂದೆ ಮಾಯ. ಎ6000ನಲ್ಲಿ ಸೆನ್ಸರಿನ ಮೇಲೇ ಫೇಸ್ ಡಿಟೆಕ್ಷನ್ ಫೋಕಸ್ ಬಿಂದುಗಳಿವೆ, 179. (ಇಲ್ಲಿ ಫೇಸ್ ಅಂದ್ರೆ ಮುಖ ಅಲ್ಲ, ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕನ್ನು ಹೋಲಿಸುವ ಲೆಕ್ಕ.) ಸ್ಕ್ರೀನನ್ನು ಮೇಲ್ಮುಖ ಮಾಡಿ ತೊಡೆಯ ಮೇಲೆ ಇಟ್ಟುಕೊಂಡೇ ತೆಗೀಬಹುದು, ಫೋಕಸ್ ಚಕ್ಕಂತ ಹಿಡಿಯುತ್ತೆ. ಶಟರಿನ ಸದ್ದು ಇದೆ, ಇಲ್ಲ ಅನ್ನಲ್ಲ. ಆದರೆ ಮುಖ ಮುಚ್ಚಬೇಕಾಗಿಲ್ಲ.

ಅಡಿಕೆ ಸುಲಿಯೋ ಕಾಲ. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತಿದ್ದಳು, ಎದುರಿಗೆ ನೆಲದ ಮೇಲೆ ನಾನು. ಸಂಬಳ ಎಷ್ಟು, ಮದುವೆ ಯಾವಾಗ, ಬೆಂಗಳೂರಲ್ಲಿ ನೀರು ಬರುತ್ತಾ, ಅವಳ ಎಂದಿನ ಪ್ರಶ್ನೆಗಳು. ಉತ್ತರ ಕೊಡ್ತಾ ಕೊಡ್ತಾ ತೆಗೆದೆ. ಚೊಗರು ಹತ್ತಿ ಕಪ್ಪಾದ ಹೆಬ್ಬೆರಳು. ಬೆಕ್ಕಿಗೆ ಬೈದದ್ದು. ನಾನೇನೋ ಅಂದದ್ದಕ್ಕೆ ಬೊಚ್ಚು ಬಾಯಿ ಪೂರ್ತಿ ತೆರೆದು ನಕ್ಕದ್ದು. ಸುಮಾರು ಹೊತ್ತಾದ ಮೇಲೆ "ಅದೇನದು, ರೇಡಿಯೋನಾ?" ಅಂದಳು.

ಹೋದ ವರ್ಷ ಅಜ್ಜಿ ಹೋದಳು. ಗೋಡೆಗೆ ಫೋಟೋ ಹಾಕಿಸಬೇಕಲ್ಲ, ನಾನು ನಗುವ ಫೋಟೋ ಮುಂದಿಟ್ಟೆ. ಅಮ್ಮ ಬೇಡ ಅಂದರು. "ಅವ್ವ ತಾನು ಹೀಗೇ ಕಾಣ್ಬೇಕು ಅಂತ ಸೀರೆ ಉಟ್ಟು ಕೂತಿದ್ದು ಆ ಫೋಟೋಗೆ, ಇದಕ್ಕಲ್ಲ." ಆ ಮಾತಿಗೆ ನನ್ನ ಹತ್ತಿರ ಎದುರು ಮಾತಿರಲಿಲ್ಲ. ಹಾಗಾಗಿ ಹಾರ ಹಾಕಿರೋದು ಡಿ7000 ಫೋಟೋಗೆ. ಮೆಟ್ಟುಗತ್ತಿ ಫೋಟೋ ಅಮ್ಮನ ಫೋನಿನಲ್ಲಿದೆ, ಮನೆಗೆ ಬಂದವರಿಗೆಲ್ಲ ಅದನ್ನೇ ತೋರಿಸ್ತಾರೆ.

"ಹಾಗಾದ್ರೆ ಫೋನಿನಲ್ಲೇ ತೆಗೀಬಹುದಿತ್ತಲ್ಲ" ಅಂತೀರಿ. ತೆಗೀಬಹುದಿತ್ತು, ಬೆಳಕು ಚೆನ್ನಾಗಿದ್ದರೆ. ಕಣಜದ ಮೂಲೆಯ ಆ ಮಬ್ಬಲ್ಲಿ ಫೋನು ಮುಖವನ್ನು ತಿಕ್ಕಿ ತಿಕ್ಕಿ ನುಣುಪು ಮಾಡಿಬಿಡುತ್ತೆ, ಅಜ್ಜಿಯ ಸುಕ್ಕೇ ಮಾಯ. ಮೇಲಾಗಿ ಫೋನ್ ಕೈಗೆ ಬಂದರೆ ಆಫೀಸೂ ಜೊತೆಗೇ ಬರುತ್ತೆ.

ದೊಡ್ಡ ಕ್ಯಾಮೆರಾ ದಂಡ ಅಂತ ನಾನು ಹೇಳ್ತಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಹಿರಿಯೂರಿಗೆ ನಾನು ಒಯ್ದದ್ದು ಡಿ7000ನ್ನೇ. ಜನಸಾಗರದ ಹಿಂದೆ ನಿಂತು ದೂರದ ನೀರನ್ನು ಹಿಡಿಯೋಕೆ ಆ 70-300 ಬೇಕಿತ್ತು. ಜೋಗಿಮಟ್ಟಿ ಕಡೆ ಹಕ್ಕಿ ತೆಗೆಯುವವರಿಗೂ ಅದೇ ವಾಸಿ, ಕೈಗೆ ಹಿಡಿತ ಸಿಗುತ್ತೆ. ಬ್ಯಾಟರಿ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಕಂಪನಿಗಳು ಕೊಡುವ ಲೆಕ್ಕದಲ್ಲೇ ಅದು ಒಂದು ಚಾರ್ಜಿಗೆ 1050 ಫೋಟೋ, ಇದು ವ್ಯೂಫೈಂಡರ್ ಬಳಸಿದರೆ 310. ಈಗ ಮಾವನ ಮಗ ಹಕ್ಕಿ ಹಿಂದೆ ಬಿದ್ದಿದ್ದಾನೆ, ಡಿ7000 ಅವನ ಹತ್ತಿರ ಇದೆ.

ಸಣ್ಣದು ತಗೊಳ್ಳುವವರಿಗೆ ಎರಡೇ ಮಾತು. ಎರಡು ಬ್ಯಾಟರಿ ಇಟ್ಟುಕೊಳ್ಳಿ. ಲೆನ್ಸ್ ಬದಲಿಸೋದಿದ್ದರೆ ಬಸ್ಸಿಳಿಯೋ ಮೊದಲೇ ಬದಲಿಸಿ. ಲೆನ್ಸ್ ತೆಗೆದರೆ ಸೆನ್ಸರ್ ಬಟಾಬಯಲು, ಮುಂದೆ ಕನ್ನಡಿ ಕೂಡ ಇಲ್ಲ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ :)