ತಂತಿ ಯಾವ ಕಡೆ ಎಳೀಬೇಕು?

ಬೋಲ್ಟನ್ನು ಎಷ್ಟೇ ಬಿಗಿ ಮಾಡಿದರೂ ಗಾಡಿಯ ನಡುಕ ಅದನ್ನು ಸಡಿಲ ಮಾಡೋಕೆ ನೋಡ್ತಾನೇ ಇರುತ್ತೆ. ಬ್ರೇಕಿನ ಬೋಲ್ಟಿಗೆ ಇನ್ನೂ ಕಷ್ಟ. ಪೆಡಲು ತುಳಿದಾಗಲೆಲ್ಲ ಏಟು; ಕಾಯೋದು, ಆರೋದು. ಅದು ಕಳಚಿ ಬಿದ್ದರೆ ಸಾಯೋನು ಕಾರಿನ ಯಜಮಾನ ಒಬ್ಬನೇ ಅಲ್ಲ. ಬಸ್ ಸ್ಟಾಪಿನಲ್ಲಿ ನಿಂತ ಗಾರ್ಮೆಂಟ್ಸ್ ಹೆಣ್ಣುಮಗಳೂ ಸಾಯ್ತಾಳೆ. ಅದಕ್ಕೇ ಬರೀತಿದ್ದೇವೆ ಗೆಳೆಯರೇ. ಕಾರು ಇಲ್ಲದೋರಿಗೂ ಇದು ಸೇರಿದ ವಿಚಾರ.

ನಾವು ಅಂದರೆ ತಾವರೆಕೆರೆ ಕಡೆಯ ಹುಡುಗರು. ಬಿಟಿಎಂ ಅನ್ನೋ ಮೂರು ಇಂಗ್ಲಿಷ್ ಅಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ಮೂರು ಹಳ್ಳಿ ಮುದುರಿಕೊಂಡಿವೆ. ನಮ್ಮ ತಾತಂದಿರು ಕಪಿಲೆಗೆ ಬಾನಿ ಹೊಲಿದೋರು, ಮಿಣಿ ಹೊಸೆದೋರು. ನಾವು ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳ ಮುಂದೆ ಕಾರಿನಡಿ ಮಲಗಿ ಕೆಲಸ ಕಲಿತೋರು.

ನಮ್ಮ ಕೈಗೆ ಬರ್ತಿದ್ದುದು ಹೆಚ್ಚಾಗಿ ಅಂಬಾಸಿಡರ್, ಫಿಯಟ್. ಅವುಗಳ ಗಾಲಿಯ ಅಚ್ಚಿನ ನಟ್ಟಿಗೆ ಕೋಟೆ ತೆನೆಯಂಥ ಸಂದಿ, ಅದರಲ್ಲೊಂದು ಸ್ಪ್ಲಿಟ್ ಪಿನ್ನು. ತಂತಿ ಕಟ್ಟೋ ಕೆಲಸ ಮೊದಲು ಬಂದದ್ದು ಜಯನಗರದ ಒಂದು ಮನೆಯಲ್ಲಿ, ಹಳೇ ಜಾಗ್ವಾರ್ ಎಕ್ಸ್‌ಜೆ6ಗೆ. 1968ರಲ್ಲಿ ಶುರುವಾದ ಈ ಕಾರಿನ ಹಿಂದಿನ ಬ್ರೇಕು ಗಾಲಿಯ ಹತ್ತಿರ ಇರಲ್ಲ. ಕಾರಿನ ಹೊಟ್ಟೆಯಡಿ, ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿರುತ್ತೆ. ಕ್ಯಾಲಿಪರ್ ಹಿಡಿದ ಬೋಲ್ಟುಗಳ ತಲೆಯಲ್ಲಿ ತೂತು. ಆ ತೂತುಗಳಲ್ಲಿ ತಂತಿ ಪೋಣಿಸಿ ಕಟ್ಟಬೇಕು.

ಯಜಮಾನರ ಕೈಯಲ್ಲಿ ಇಂಗ್ಲಿಷ್ ಪುಸ್ತಕ. 'ಪುಟ ಮುಟ್ಟಬೇಡಿ, ಎಣ್ಣೆ ಆಗುತ್ತೆ' ಅಂದರು. ಎಣ್ಣೆ ಒಂದಕ್ಕೇ ಹಾಗಂದರೋ ಬೇರೆಯದಕ್ಕೋ, ನಾವು ಕೇಳಲಿಲ್ಲ. ಕೇಳಿದ್ದು ಇಷ್ಟೇ: 'ತಂತಿ ಯಾವ ಕಡೆ ಎಳೀಬೇಕು ಸಾರ್? ಯಾಕೆ?' 'ಯಾಕೆ ಅಂತ ನಿಮಗ್ಯಾಕೆ? ಚಿತ್ರದಲ್ಲಿ ಇದ್ದಂಗೆ ತಿರುಚಿ.'

ತಿರುಚೋದನ್ನ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡೆಳೆ ಕೂಡಿಸಿ ಹುರಿ ಮಾಡೋದು ಹಟ್ಟಿಯ ವಿದ್ಯೆ. 'ಯಾಕೆ' ಅನ್ನೋದನ್ನ ಅವತ್ತು ಸಂಜೆ ಹೇಳಿಕೊಟ್ಟೋರು ನಮ್ಮ ಕೇರಿಯ ಹಿರಿಯರೊಬ್ಬರು. 1940ರಲ್ಲಿ ಬೆಂಗಳೂರಲ್ಲಿ ಶುರುವಾಯಿತಲ್ಲ ವಿಮಾನ ಕಾರ್ಖಾನೆ, ಈಗಿನ ಎಚ್‌ಎಎಲ್, ಅಲ್ಲಿ ದುಡಿದು ನಿವೃತ್ತರಾದೋರು. ವಿಮಾನದ ಕೆಲಸದಲ್ಲಿ ಬೋಲ್ಟಿಗೆ ತಂತಿ ಕಟ್ಟೋದು ದಿನನಿತ್ಯದ ಮಾತು.

ಜಗಲಿ ಮೇಲೆ ಎರಡು ಬೋಲ್ಟು ಇಟ್ಟು ತೋರಿಸಿದರು. ಬಲಕ್ಕೆ ತಿರುಗಿದರೆ ಬಿಗಿ, ಎಡಕ್ಕೆ ತಿರುಗಿದರೆ ಸಡಿಲ. ಎಡಗಡೆ ಬೋಲ್ಟಿನ ಮೇಲಂಚಿನಿಂದ ಹೊರಟ ತಂತಿ ಬಲಗಡೆ ಬೋಲ್ಟಿನ ಕೆಳಂಚಿಗೆ ಓರೆಯಾಗಿ ಬರಬೇಕು. ಆಗ ಒಂದು ಸಡಿಲ ಆಗೋಕೆ ಹೊರಟರೆ ಇನ್ನೊಂದನ್ನು ಬಿಗಿ ಮಾಡಲೇಬೇಕು. ಅದು ಆಗಲೇ ಬಿಗಿ, ಜಗ್ಗಲ್ಲ. ಒಂದಕ್ಕೊಂದು ಕಾವಲು. ಅದೇ ತಂತಿ ತಿರುವುಮುರುವಾದರೆ ನೋಡೋಕೆ ಚೆಂದ, ಎಳೆಯೋದು ಮಾತ್ರ ಬಿಚ್ಚೋ ಕಡೆಗೆ.

ಇನ್ನೂ ಹೇಳಿದರು. ತಂತಿ ಬೋಲ್ಟನ್ನು ಬಿಗಿ ಮಾಡಲ್ಲ. ಮೊದಲು ಟಾರ್ಕ್ ಸ್ಪ್ಯಾನರಿನಲ್ಲಿ ಪುಸ್ತಕ ಹೇಳಿದಷ್ಟು ಬಿಗಿ, ಆಮೇಲೆ ತಂತಿ. ತೂತು ಸರಿಬರಲಿಲ್ಲ ಅಂತ ಬೋಲ್ಟನ್ನು ಹಿಂದಕ್ಕೆ ತಿರುಗಿಸಬಾರದು. 0.8 ಮಿ.ಮೀ. ಸ್ಟೇನ್‌ಲೆಸ್ ತಂತಿಗೆ ಇಂಚಿಗೆ 6ರಿಂದ 8 ಸುತ್ತು. ಹೆಚ್ಚಾದರೆ ಸೊರಗಿ ತುಂಡಾಗುತ್ತೆ, ಕಮ್ಮಿಯಾದರೆ ಜೋಲುತ್ತೆ. ಬಿಚ್ಚಿದ ತಂತಿ ಮತ್ತೆ ಕಟ್ಟಬಾರದು. ಕತ್ತರಿಸುವಾಗ ತುಂಡು ಕಣ್ಣಿಗೆ ಹಾರುತ್ತೆ, ಕನ್ನಡಕ ಬೇಕು. ತುದಿಯನ್ನು ಒಳಕ್ಕೆ ಮಡಚಬೇಕು. ನಾಳೆ ಅಲ್ಲಿ ಕೈ ಹಾಕೋನು ನಮ್ಮಂಥ ಇನ್ನೊಬ್ಬ ಹುಡುಗ. ತೂತಿಲ್ಲದ ಬ್ರೇಕ್ ಬೋಲ್ಟಿಗೆ ಮನೆಯಲ್ಲಿ ತೂತು ಕೊರೆಯಬಾರದು, ಅದರ ಶಕ್ತಿ ಹೋಗುತ್ತೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬಾರದು, ಸ್ಟ್ಯಾಂಡ್ ಇಡಬೇಕು.

ಮಾರನೇ ದಿನ ಹೋಗಿ ಕಟ್ಟಿದೆವು. ಯಜಮಾನರನ್ನೇ ಕಾರಿನಡಿ ಮಲಗಿಸಿ ತೋರಿಸಿದೆವು. ಯಾಕೆ ಅಂತಾನೂ ಹೇಳಿದೆವು. ಅವರ ಪುಸ್ತಕದಲ್ಲಿ ಚಿತ್ರ ಇತ್ತೇ ಹೊರತು ಈ ಮಾತು ಅವರಿಗೂ ಗೊತ್ತಿರಲಿಲ್ಲ.

ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಸಭೆಗೆಂದು ಬರೆದ, ಅಲ್ಲಿ ಓದಲಾಗದೆ ಹೋದ ಭಾಷಣದಲ್ಲಿ, ಜಾತಿ ಬರೀ ಕೆಲಸವನ್ನು ಹಂಚಲ್ಲ, ಕೆಲಸಗಾರರನ್ನೇ ಒಡೆಯುತ್ತೆ ಅಂತ ತೋರಿಸಿದರು. ಕಾರಿನಡಿ ಮಲಗಿದಾಗ ನಮಗೆ ಕಂಡದ್ದು ಅದರ ಇನ್ನೊಂದು ಮುಖ. 'ಹೇಗೆ' ಅನ್ನೋದು ಒಬ್ಬನ ಕೈಲಿ, 'ಯಾಕೆ' ಅನ್ನೋದು ಇನ್ನೊಬ್ಬನ ಪುಸ್ತಕದಲ್ಲಿ. ಕೈಗೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ತಂತಿ ತಪ್ಪು ಕಡೆ ಎಳೆಯುತ್ತೆ, ಜನ ಸಾಯ್ತಾರೆ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರು ಬೆಂಗಳೂರಿನ ಗ್ಯಾರೇಜಿಗೆ ಬರ್ತಾರೆ. ಬರೋದಕ್ಕೆ ಮುಂಚೆ ಅರ್ಧ ಗಂಟೆ ಪಾಠ ಮಾಡಿ. ತಲೆಗೆ ತೂತಿರೋ ಎರಡು ಬೋಲ್ಟು, ಒಂದು ಮೊಳ ತಂತಿ ಸಾಕು. ಹುಡುಗ ತಪ್ಪು ಕಡೆ ಕಟ್ಟಿದರೆ ಬೈಯಬೇಡಿ. ಬೋಲ್ಟನ್ನು ಅವನ ಕೈಯಿಂದಲೇ ಎಡಕ್ಕೆ ತಿರುಗಿಸಿ. ತಂತಿ ಜೋಲೋದು ಅವನಿಗೇ ಕಾಣುತ್ತೆ.