ಗುಡ್ಡದ ಮೇಲೊಂದು ದೋಣಿ

ಮಕ್ಕಳ ಬಯಕೆಗಳಲ್ಲಿ ಹಣ ಕೊಟ್ಟರೆ ತೀರುವಂಥವು ಹಲವು. ಹಿರಿಯರ ಬೆವರನ್ನೇ ಬೇಡುವಂಥವು ಕೆಲವು. ದೋಣಿಯ ಬಯಕೆ ಈ ಎರಡನೆಯ ಬಗೆಗೆ ಸೇರಿದ್ದು. ಅದರಲ್ಲಿಯೂ ಮಂಗಳೂರಿನ ಕದ್ರಿಯಲ್ಲಿ ವಾಸಿಸುವ ಮಕ್ಕಳಿಗೆ ಆ ಹುಚ್ಚು ಹಿಡಿದರೆ ಹೆತ್ತವರ ಪಾಡೇನು? ಕದ್ರಿ ಎಂದರೆ ಗುಡ್ಡ. ಹೊಳೆಯೇನಿದ್ದರೂ ಅತ್ತ ಸುಲ್ತಾನ್ ಬತ್ತೇರಿಯ ಬುಡದಲ್ಲಿ ಫಲ್ಗುಣಿ, ಇತ್ತ ಜೆಪ್ಪುವಿನ ಆಚೆಗೆ ನೇತ್ರಾವತಿ. ಮೇಲಿರುವ ನೀರೆಲ್ಲ ದೇವರದು: ಮಂಜುನಾಥನ ಸನ್ನಿಧಿಯಲ್ಲಿ ಗೋಮುಖದಿಂದ ಬೀಳುವ ತೀರ್ಥ, ಅದರ ಬಳಿಯ ಕೆರೆಗಳು. 968ನೆಯ ಇಸವಿಯ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕಾಣಬಂದವರು ಆ ಕೆರೆಗಳಲ್ಲಿ ಮೀಯಬಹುದು. ಹುಟ್ಟು ಹಾಕುವ ಮಾತನ್ನು ಯಾರೂ ಆಡರು.

ಕದ್ರಿ ಕಂಬಳದ ಬಳಿಯ ಹಂಚಿನ ಮನೆಯೊಂದರಲ್ಲಿ ಈ ಹುಚ್ಚು ಆರಂಭವಾದದ್ದು ಬಾಳೆದಿಂಡಿನಿಂದ. ಆಟಿ ತಿಂಗಳ ಗಾಳಿಗೆ ಹಿತ್ತಿಲಿನ ನಾಲ್ಕು ಬಾಳೆಗಿಡಗಳು ಮುರಿದು ಬಿದ್ದವು. ಹನ್ನೊಂದರ ಅಕ್ಕನೂ ಒಂಬತ್ತರ ತಮ್ಮನೂ ದಿಂಡುಗಳಿಗೆ ಬಿದಿರುಕಡ್ಡಿ ಚುಚ್ಚಿ ತೆಪ್ಪ ಕಟ್ಟಿ, ಮಳೆನೀರು ನಿಂತ ಹೊಂಡದಲ್ಲಿ ಮೂರು ದಿನ ಸಂಚರಿಸಿದರು. ನಾಲ್ಕನೆಯ ದಿನ ದಿಂಡು ಕೊಳೆತು ತೆಪ್ಪ ಬಿಚ್ಚಿಕೊಂಡಿತು. ಅಂದಿನ ರಾತ್ರಿ ಊಟದ ಹೊತ್ತಿಗೆ, "ಅಪ್ಪಾ, ನಮಗೆ ಮರದ್ದೇ ದೋಣಿ ಬೇಕು" ಎಂಬ ಅರ್ಜಿ ಬಂದಿತು.

ತಂದೆ ಬ್ಯಾಂಕಿನ ಅಧಿಕಾರಿ. ದಿನವಿಡೀ ಪರರ ಅರ್ಜಿಗಳನ್ನು ತೂಗುವವರು. ಇದನ್ನು ಮಾತ್ರ ತೂಗದೆಯೇ ಮಂಜೂರು ಮಾಡಿಬಿಟ್ಟರು. ತಡೆ ಬಂದದ್ದು ತಾಯಿಯಿಂದ. "ಇಬ್ಬರಿಗೂ ಈಜು ಬಾರದು. ನಿಮಗೂ ಬಾರದು. ದೋಣಿ ಮಾಡಿಸುವವರು ಮೊದಲು ಅದಕ್ಕೆ ಉತ್ತರ ಹೇಳಿ" ಎಂದರು. ಕರಾವಳಿಯಲ್ಲಿ ಪ್ರತಿ ಮಳೆಗಾಲವೂ ಪತ್ರಿಕೆಗಳು ಹೊತ್ತು ತರುವ ಸುದ್ದಿಗಳನ್ನು ಓದಿದ ಯಾವ ತಾಯಿಯೂ ಬೇರೇನು ಹೇಳಿಯಾಳು? ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಆಗ ನಡುವೆ ಬಾಯಿ ಹಾಕಿದವರು ಅಜ್ಜಿ. ಅವರ ತೌರು ಪಾಣೆಮಂಗಳೂರಿನ ಕಡೆ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಬೀದಿಗಳನ್ನು ಮುಳುಗಿಸಿದಾಗ ಅವರಿಗೆ ಹನ್ನೊಂದು ವರ್ಷ, ಈ ಮೊಮ್ಮಗಳಷ್ಟೇ ಪ್ರಾಯ. "ಜಗಲಿಗೆ ನೀರು ಬಂತು, ಆಮೇಲೆ ಅಟ್ಟಕ್ಕೆ ಹತ್ತಿದೆವು. ದೋಣಿಯವ ಮಾಡಿನ ಹತ್ತಿರ ಬಂದು ಹಂಚು ತೆಗೆದು ನಮ್ಮನ್ನು ಇಳಿಸಿಕೊಂಡ. ನೋಡು ಮಗಾ, ನೀರಿಗೆ ಹೆದರಬೇಕು, ಸರಿ. ಆದರೆ ದೋಣಿಯಲ್ಲಿ ಹೇಗೆ ಕೂರಬೇಕೆಂದು ಗೊತ್ತಿಲ್ಲದೆ ಆವತ್ತು ನಾನು ಎದ್ದು ನಿಂತೆ. ಅದು ಮಗುಚದೆ ಉಳಿದದ್ದು ದೇವರ ದಯೆ." ಸೊಸೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಒಪ್ಪಿಗೆಯೊಂದು ಹೊರಬಿತ್ತು: ಮೂವರೂ ಲೇಡಿಹಿಲ್ಲಿನ ಈಜುಕೊಳಕ್ಕೆ ಸೇರಬೇಕು, ಆ ಕೊಳದ ಉದ್ದವನ್ನು ನಿಲ್ಲದೆ ಈಜಿ ತೋರಿಸಿದವರಿಗೆ ಮಾತ್ರ ದೋಣಿ.

ಹೀಗೆ ಬೆಳಗಿನ ಹೊತ್ತು ಈಜು, ರಜೆಯ ದಿನ ಬಡಗಿಯ ಕೆಲಸ. ಕರೆಸಿದ ಆಚಾರಿಯವರು ಎಳೆತನದಲ್ಲಿ ಹೊಯಿಗೆ ಬಜಾರಿನಲ್ಲಿ ದೋಣಿ ಕಟ್ಟುವವರ ಜೊತೆ ದುಡಿದವರು. ತಂದೆಯ ಕಲ್ಪನೆಯಲ್ಲಿದ್ದುದು ಒಂದೇ ಮರವನ್ನು ಬಾಚಿಯಿಂದ ಕೆತ್ತಿ ಟೊಳ್ಳು ಮಾಡಿದ ಹಳೆಯ ಮಾದರಿಯ ದೋಣಿ. ಆಚಾರಿಯವರು ನಕ್ಕರು. "ಅಷ್ಟು ದಪ್ಪದ ಮಾವಿನ ಮರ ಈಗ ಎಲ್ಲುಂಟು ರಾಯರೇ? ಇದ್ದರೂ ಕಡಿಯಲು ಅರಣ್ಯ ಇಲಾಖೆಯವರ ಅಪ್ಪಣೆ ಬೇಕು. ಹಲಗೆಯದ್ದು ಮಾಡುವ." ಮರಗಳ ಸಂರಕ್ಷಣೆಯ ಶಾಸನ 1976ರಿಂದ ಇದೆ, ಮಕ್ಕಳ ಆಟಕ್ಕೆಂದು ನೂರು ವರ್ಷದ ಮರ ಉರುಳದಿರುವುದೇ ಒಳ್ಳೆಯದು. ಹೆಬ್ಬಲಸಿನ ಹಲಗೆ ಗೊತ್ತಾಯಿತು. ಪಡುವಣ ಕರಾವಳಿಯ ದೋಣಿಗಾರರು ತಲೆತಲಾಂತರದಿಂದ ನೆಚ್ಚಿದ ಮರವಿದು: ಹಗುರ, ನೀರಿಗೆ ಬೇಗ ಕೊಳೆಯದು.

ಹಿಂದಿನವರು ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 13ನೆಯ ಶತಮಾನದಲ್ಲಿ ಹೊರ್ಮುಜ್ ರೇವಿನಲ್ಲಿ ಇಂಥ ಹೊಲಿಗೆಯ ಹಡಗುಗಳನ್ನು ಕಂಡ ಮಾರ್ಕೊ ಪೋಲೋ ಅವುಗಳನ್ನು ಹಳಿದು ಬರೆದಿದ್ದಾನೆ. ಪಾಪ, ಅಲೆಯ ಹೊಡೆತಕ್ಕೆ ಹೊಲಿಗೆ ಬಳುಕಿಕೊಡುತ್ತದೆ, ಮೊಳೆ ಕಿತ್ತುಬರುತ್ತದೆ ಎಂಬುದನ್ನು ಅವನಿಗೆ ಯಾರೂ ತಿಳಿಸಲಿಲ್ಲವೋ ಏನೋ! ಕದ್ರಿಯ ದೋಣಿಗೆ ಮಾತ್ರ ಹೊಲಿಯುವವರು ಸಿಗಲಿಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವುದರಿಂದ ತಾಮ್ರದ ಮೊಳೆ ತರಿಸಿದರು.

ಅಳತೆ ಎಂಟಡಿ ಉದ್ದ, ನಡುವೆ ಎರಡಡಿ ಅಗಲ, ಹತ್ತು ಅಂಗುಲ ಆಳ. ಚಪ್ಪಟೆ ತಳ, ಎರಡೂ ತುದಿ ಚೂಪು. ಮಗಳು ಲೆಕ್ಕದ ಪುಸ್ತಕ ತಂದಳು. ದೋಣಿ ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟೇ ಭಾರವನ್ನು ಹೊರುತ್ತದೆಂಬ ಆರ್ಕಿಮಿಡೀಸನ ಸೂತ್ರ ಶಾಲೆಯಲ್ಲಿ ಆಗಿತ್ತು. ಈ ಅಳತೆಯ ದೋಣಿ ಒಂದಂಗುಲ ಮುಳುಗಿದರೆ ಸುಮಾರು 20 ಕಿಲೋ ನೀರು ಸರಿಯುತ್ತದೆ. ದೋಣಿಯ ತೂಕ 25ರಿಂದ 30 ಕಿಲೋ, ಮಕ್ಕಳಿಬ್ಬರದು ಸೇರಿ ಐವತ್ತರ ಆಸುಪಾಸು. ಅಲ್ಲಿಗೆ ನಾಲ್ಕಂಗುಲ ನೀರಿನಲ್ಲಿ, ಆರಂಗುಲ ಮೇಲೆ. ಆಚಾರಿಯವರು ಕಾಗದವನ್ನು ನೋಡಲೂ ಇಲ್ಲ. ಗೇಣಿನಿಂದ ಅಳೆದು, "ಇಲ್ಲಿಯವರೆಗೆ ಮುಳುಗುತ್ತದೆ" ಎಂದು ಸೀಸದಕಡ್ಡಿಯಿಂದ ಗೀಟೆಳೆದರು. ಗೀಟಿಗೂ ಲೆಕ್ಕಕ್ಕೂ ಅರ್ಧ ಅಂಗುಲದ ಅಂತರ.

ಹಲಗೆಯನ್ನು ಬಗ್ಗಿಸುವುದೇ ಇಡೀ ಕೆಲಸದಲ್ಲಿ ಕಠಿಣವಾದದ್ದು. ಒದ್ದೆ ಗೋಣಿ ಹೊದಿಸಿ, ಕುದಿನೀರು ಸುರಿದು, ಹಗ್ಗಕ್ಕೆ ಕೋಲು ತೂರಿಸಿ ತಿರುಚುತ್ತಾ ತುದಿಗಳನ್ನು ಕೂಡಿಸಬೇಕು. ಒಂದು ಹಲಗೆ ಬಂದೂಕಿನ ಸದ್ದು ಮಾಡಿ ಸೀಳಿತು. ಮತ್ತೊಂದನ್ನು ಕೊಯ್ದು ತರಲು ಹತ್ತು ದಿನ ಹಿಡಿಯಿತು. ಸಂದುಗಳಿಗೆ ಹತ್ತಿಯ ಎಳೆ ತುಂಬಿ ರಾಳ ಮೆತ್ತಿದರು. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಮರಕ್ಕೆ ಹುಳ ಬಾರದಂತೆ ಕಾಯುವ ಈ ಎಣ್ಣೆ ಚರ್ಮವನ್ನು ಸುಟ್ಟು ಬೊಕ್ಕೆಯೆಬ್ಬಿಸುವಂಥದು. ಆ ದಿನ ಮಕ್ಕಳಿಗೆ ಜಗಲಿ ಇಳಿಯುವ ಅನುಮತಿಯಿರಲಿಲ್ಲ. ಒಣಗಿದ ಮೇಲೆ ಹುಟ್ಟುಗಳ ಹಿಡಿಯನ್ನು ಉಜ್ಜಿ ನಯಗೊಳಿಸಿದವರು ಅವರೇ.

ಎಲ್ಲ ಮುಗಿದ ಮೇಲೆ ಆಚಾರಿಯವರು ದೋಣಿಯೊಳಗೆ ಕೊಡಗಟ್ಟಲೆ ನೀರು ಸುರಿಸಿದರು! ಅಂಗಳವೆಲ್ಲ ಒದ್ದೆ, ಸಂದುಸಂದುಗಳಲ್ಲಿ ಸೋರಿಕೆ. ಮಗ ಅಳುವುದೊಂದು ಬಾಕಿ. "ಮರ ನೀರು ಕುಡಿಯಲಿ, ಉಬ್ಬಿ ತಾನೇ ಬಾಯಿ ಮುಚ್ಚುತ್ತದೆ" ಎಂದರು ಆಚಾರಿಯವರು. ಮೂರನೆಯ ದಿನಕ್ಕೆ ಸೋರುವುದು ನಿಂತಿತು.

ಈಜಿನ ಪರೀಕ್ಷೆಯಲ್ಲಿ ಮಕ್ಕಳಿಬ್ಬರೂ ನವೆಂಬರಿನಲ್ಲಿ ತೇರ್ಗಡೆಯಾದರು. ತಂದೆಯ ಫಲಿತಾಂಶವನ್ನು ಇಲ್ಲಿ ಹೇಳದಿರುವುದೇ ಲೇಸು.

ಡಿಸೆಂಬರಿನ ಒಂದು ಭಾನುವಾರ ಸಾಮಾನು ಸಾಗಿಸುವ ಟೆಂಪೋದಲ್ಲಿ ದೋಣಿ ಗುಡ್ಡವಿಳಿದು ಬಿಜೈ, ಲೇಡಿಹಿಲ್ ದಾಟಿ ಸುಲ್ತಾನ್ ಬತ್ತೇರಿಗೆ ಬಂದಿತು. ತಣ್ಣೀರುಬಾವಿಗೆ ಜನರನ್ನು ದಾಟಿಸುವ ಕಡವಿನ ಬಳಿ ಮುದುಕರೊಬ್ಬರು ಅದರ ಮೈಯನ್ನು ಬೆರಳಿನಿಂದ ತಟ್ಟಿ ನೋಡಿ ತಲೆದೂಗಿದರು. ಆದರೆ ಒಡನೆ ನೀರಿಗಿಳಿಸಲು ಬಿಡಲಿಲ್ಲ. ಇಳಿತ ನಡೆದಿತ್ತು, ಇಳಿತದ ನೀರು ಅಳಿವೆಯ ಕಡೆಗೆ, ಅಲ್ಲಿಂದ ಕಡಲಿಗೆ ಎಳೆಯುತ್ತದೆ. ಉಬ್ಬರ ಹಿಡಿಯುವವರೆಗೆ ಎರಡು ತಾಸು ಎಲ್ಲರೂ ದಡದಲ್ಲೇ ಕುಳಿತರು. ಮುದುಕರು ತಮ್ಮದೇ ಮೂವತ್ತು ಮಾರು ಹಗ್ಗವನ್ನು ದೋಣಿಯ ಹಿಂದುಗಡೆಗೆ ಬಿಗಿದರು.

ತೇಲುಅಂಗಿ ತೊಟ್ಟು ಮಕ್ಕಳು ತಗ್ಗಿ ಕುಳಿತರು. ಯಾರೂ ಎದ್ದು ನಿಲ್ಲಲಿಲ್ಲ, ಅಜ್ಜಿ ದಡದಿಂದ ಅದನ್ನೇ ಕೂಗುತ್ತಿದ್ದರು. ಅಕ್ಕ ಎಡಕ್ಕೆ ಹುಟ್ಟು ಹಾಕಿದರೆ ತಮ್ಮನೂ ಎಡಕ್ಕೇ. ದೋಣಿ ಬುಗುರಿಯಂತೆ ಸುತ್ತಿ, ಜಗಳವೊಂದು ನಡೆದು, ಕೊನೆಗೆ ನೆಟ್ಟಗೆ ಹೊರಟಿತು. ಹತ್ತು ಮಾರು ದೂರ ಹೋಗಿ ತಿರುಗಿ ನೋಡಿದರು. ಉಳಿದ ಇಪ್ಪತ್ತು ಮಾರು ಹಗ್ಗ ದಡದಲ್ಲಿ ಸುರುಳಿಯಾಗಿ ಬಿದ್ದಿತ್ತು; ಅದರ ತುದಿಯನ್ನು ತಾಯಿ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು.